ಸುಡಾನಿಗೆ ಹೋಗುವ ಬಂದೂಕು ನಿಲ್ಲಲಿ, ಅಲ್ಲಿಂದ ಹೊರಡುವ ಚಿನ್ನದ ಲೆಕ್ಕ ಸಿಗಲಿ



2023ರ ಏಪ್ರಿಲ್. ವಿಧಾನಸಭೆ ಚುನಾವಣೆಯ ಗದ್ದಲದ ನಡುವೆಯೇ ನಮ್ಮ ಹಕ್ಕಿಪಿಕ್ಕಿ ಸಮುದಾಯದವರು ಸುಡಾನಿನಲ್ಲಿ ಸಿಕ್ಕಿಬಿದ್ದ ಸುದ್ದಿ ಬಂತು. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯಿಂದ ಗಿಡಮೂಲಿಕೆ ಮಾರಲು ಹೋದವರು ಪಶ್ಚಿಮದ ಡಾರ್ಫುರ್ ಪ್ರಾಂತದ ಎಲ್ ಫಾಶರ್‌ನಲ್ಲಿ ಅನ್ನ ನೀರಿಗೆ ಪರದಾಡುತ್ತಿದ್ದರು. ಭಾರತ ಸರ್ಕಾರದ ‘ಆಪರೇಷನ್ ಕಾವೇರಿ’ ತೆರವು ಕಾರ್ಯಾಚರಣೆಯಲ್ಲಿ ಸಾವಿರಾರು ಭಾರತೀಯರು ಊರು ಸೇರಿದರು. ನಮ್ಮವರು ಬಂದರು, ಸುಡಾನ್ ನಮಗೆ ಮರೆತುಹೋಯಿತು. ಅಲ್ಲಿನವರಿಗೆ ಮಾತ್ರ ಹಾಗೆ ಮರಳಿ ಹೋಗಲು ಇನ್ನೊಂದು ತಾಯ್ನಾಡಿರಲಿಲ್ಲ.

ಆ ಯುದ್ಧದ ಬೆಂಕಿ ಹೊತ್ತಿದ್ದು ರಾಜಧಾನಿ ಖಾರ್ಟೂಮ್‌ನಲ್ಲಿ. ಹೊತ್ತಿಸಿದ್ದು ಹೊರಗಿನ ಶತ್ರುವಲ್ಲ. ಡಾರ್ಫುರ್‌ನ ಬಂಡಾಯ ಅಡಗಿಸಲು ಒಮರ್ ಅಲ್ ಬಶೀರ್ ಸರ್ಕಾರ ಜಂಜಾವೀದ್ ಎಂಬ ಕುದುರೆ ಸವಾರರ ಪಡೆಗೆ ಬಂದೂಕು ಕೊಟ್ಟಿತು. ಹಳ್ಳಿ ಹಳ್ಳಿ ಸುಟ್ಟ ಅದೇ ಪಡೆಗೆ 2013ರಲ್ಲಿ ‘ಕ್ಷಿಪ್ರ ಬೆಂಬಲ ಪಡೆ’ ಎಂಬ ಹೆಸರಾಯಿತು, 2017ರಲ್ಲಿ ಕಾನೂನಿನ ಮಾನ್ಯತೆಯೂ ಸಿಕ್ಕಿತು. ಜನರೇ ಬೀದಿಗಿಳಿದು ಬಶೀರನನ್ನು ಇಳಿಸಿದ ಮೇಲೆ, 2021ರಲ್ಲಿ ಸೇನಾ ಮುಖ್ಯಸ್ಥ ಬುರ್ಹಾನ್ ಮತ್ತು ಈ ಪಡೆಯ ನಾಯಕ ಹೆಮೆಡ್ತಿ ಕೈಜೋಡಿಸಿ ಅಧಿಕಾರ ಕಿತ್ತುಕೊಂಡರು. ಪಡೆಯನ್ನು ಸೇನೆಯೊಳಗೆ ಯಾವಾಗ, ಹೇಗೆ ಸೇರಿಸಬೇಕೆಂಬ ಜಗಳ 2023ರ ಏಪ್ರಿಲ್ 15ರಂದು ನಗರದ ನಡುಬೀದಿಗೆ ಬಂತು.

ನಗರದೊಳಗಿನ ಯುದ್ಧ ಎಂದರೆ ಏನೆಂದು ಸ್ವಲ್ಪ ನಿಂತು ನೋಡಿ. ಹೆಮೆಡ್ತಿಯ ಪಡೆ ಮನೆಗಳಿಗೆ ನುಗ್ಗಿ ಅಲ್ಲೇ ಠಿಕಾಣಿ ಹೂಡಿತು, ಕೊಳ್ಳೆ ಹೊಡೆಯಿತು, ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಎಸಗಿತು. ಸೇನೆ ಅದೇ ಬಡಾವಣೆಗಳ ಮೇಲೆ ವಿಮಾನದಿಂದ ಬಾಂಬು ಹಾಕಿತು. ನಗರದ ಮೈಗೋಮ ಅನಾಥಾಲಯದ ಸಿಬ್ಬಂದಿಗೆ ಕೆಲಸಕ್ಕೆ ಬರಲು ದಾರಿಯಿಲ್ಲದೆ, ಹಾಲುಣಿಸುವ ಕೈ ಸಾಲದೆ, ಮೊದಲ ಕೆಲವೇ ವಾರಗಳಲ್ಲಿ ಹತ್ತಾರು ಹಸುಗೂಸುಗಳು ಹಸಿವು, ಜ್ವರದಿಂದ ಸತ್ತವು. ಒಂದು ಗುಂಡೂ ತಾಗದೆ ಸತ್ತ ಮಕ್ಕಳು ಅವು! ಸ್ಮಶಾನಕ್ಕೆ ಹೋಗಲಾಗದ ಜನ ಮನೆಯಂಗಳದಲ್ಲೇ ಹೆಣ ಹೂತರು.

2025ರ ಮಾರ್ಚ್‌ನಲ್ಲಿ ಸೇನೆ ಅಧ್ಯಕ್ಷರ ಅರಮನೆಯನ್ನು ಮರಳಿ ಪಡೆಯಿತು, ಮೇ ತಿಂಗಳಲ್ಲಿ ಇಡೀ ಖಾರ್ಟೂಮ್ ತನ್ನದೆಂದು ಸಾರಿತು. ಹಿಂದಿರುಗಿದ ಜನ ಕಂಡದ್ದು ತಾಮ್ರದಾಸೆಗೆ ನೆಲ ಅಗೆದು ವಿದ್ಯುತ್ ಕೇಬಲ್ ಕಿತ್ತ ಬೀದಿಗಳನ್ನು. ಕರೆಂಟಿರಲಿಲ್ಲ, ನೀರೆತ್ತುವ ಪಂಪಿರಲಿಲ್ಲ, ಕಾಲರಾ ಬೇರೆ. ಈ ಗೆಲುವಿಗಾಗಿ ಸೇನೆಯೂ ಮತ್ತೆ ಖಾಸಗಿ ಪಡೆಗಳನ್ನೇ ಜೊತೆಗೆ ಕಟ್ಟಿಕೊಂಡಿತು. ಹೆಮೆಡ್ತಿಯ ಜೊತೆಗಿದ್ದು 2024ರಲ್ಲಿ ಪಕ್ಷ ಬದಲಿಸಿದ ಕಮಾಂಡರ್ ಕೈಕಲ್‌ನ ಪಡೆಯೂ ಅದರಲ್ಲಿ ಸೇರಿದೆ. ಹಾವಿಗೆ ಹಾಲೆರೆಯುವ ಕೆಲಸ ನಿಂತಿಲ್ಲ. ಇನ್ನು ನಮ್ಮವರು ಜೀವ ಹಿಡಿದು ಕೂತಿದ್ದ ಎಲ್ ಫಾಶರ್? ಒಂದೂವರೆ ವರ್ಷದ ಮುತ್ತಿಗೆಯ ನಂತರ 2025ರ ಅಕ್ಟೋಬರ್ 26ರಂದು ಅದು ಹೆಮೆಡ್ತಿಯ ಪಡೆಯ ಪಾಲಾಯಿತು. ಆಸ್ಪತ್ರೆಯಲ್ಲಿದ್ದ ರೋಗಿಗಳನ್ನೂ ಬಿಡದೆ ಕೊಂದರು.

ದೂರದ ಜಗಳ, ನಮಗೇಕೆ ಎನ್ನುವವರಿಗೆ ನಮ್ಮ ಉತ್ತರ ಚಿನ್ನ. ಹೆಮೆಡ್ತಿ ಬೆಳೆದದ್ದು ಡಾರ್ಫುರ್‌ನ ಚಿನ್ನದ ಗಣಿಗಳಿಂದ. ಸೇನೆಯ ಖಜಾನೆಗೂ ಚಿನ್ನವೇ ಆಸರೆ. ಸುಡಾನಿನ ಚಿನ್ನದ ಬಹುಪಾಲು, ರಾಜಮಾರ್ಗವೋ ಕಳ್ಳದಾರಿಯೋ, ಸೇರುವುದು ದುಬೈಗೆ. ದುಬೈ ಚಿನ್ನದ ದೊಡ್ಡ ಗಿರಾಕಿ ನಾವು. ಯುಎಇ ಜೊತೆಗಿನ 2022ರ ವ್ಯಾಪಾರ ಒಪ್ಪಂದದಲ್ಲಿ ಅದಕ್ಕೆ ಆಮದು ಸುಂಕದ ರಿಯಾಯಿತಿಯನ್ನೂ ಕೊಟ್ಟಿದ್ದೇವೆ. ಒಮ್ಮೆ ಕರಗಿಸಿ ಗಟ್ಟಿ ಮಾಡಿದ ಮೇಲೆ ಯಾವ ಗಣಿಯದೆಂದು ಹೇಳುವವರಿಲ್ಲ. ನಿಮ್ಮ ಸರದ ಕೊಂಡಿಯಲ್ಲಿರುವ ಹಾಲ್‌ಮಾರ್ಕ್ ಎಷ್ಟು ಕ್ಯಾರೆಟ್ ಎಂದು ಹೇಳುತ್ತದೆಯೇ ಹೊರತು ಯಾವ ನೆಲದ್ದು ಎಂದಲ್ಲ.

ಬಂದೂಕಿನ ಕಥೆಯೂ ಹೀಗೆಯೇ. ವಿಶ್ವಸಂಸ್ಥೆಯ ಆಯುಧ ನಿರ್ಬಂಧ 2004ರಿಂದಲೂ ಡಾರ್ಫುರ್‌ಗಷ್ಟೇ ಸೀಮಿತ. ಖಾರ್ಟೂಮ್‌ಗೆ ಯಾರು ಏನು ಕಳಿಸಿದರೂ ಅದು ತಡೆಯುವುದಿಲ್ಲ. ರಷ್ಯಾ, ಚೀನಾ, ಟರ್ಕಿ, ಯುಎಇಯಲ್ಲಿ ತಯಾರಾದ ಹೊಸ ಆಯುಧಗಳು ಯುದ್ಧದಲ್ಲಿ ಬಳಕೆಯಾಗುತ್ತಿವೆ ಎಂದು ಮಾನವ ಹಕ್ಕುಗಳ ಸಂಸ್ಥೆ ಅಮ್ನೆಸ್ಟಿ 2024ರಲ್ಲೇ ದಾಖಲಿಸಿದೆ. ಹೆಮೆಡ್ತಿಗೆ ಆಯುಧ ಕೊಟ್ಟ ಆರೋಪವನ್ನು ಯುಎಇ ನಿರಾಕರಿಸುತ್ತಿದೆ. ನಿರಾಕರಿಸುವವರಿಗೆ ನಿರ್ಬಂಧದಿಂದ ನಷ್ಟವೇನೂ ಇಲ್ಲವಲ್ಲ!

ಇಷ್ಟರ ನಡುವೆಯೂ ಖಾರ್ಟೂಮ್‌ನ ಯುವಕ ಯುವತಿಯರು ಕೇರಿ ಕೇರಿಯಲ್ಲಿ ಒಲೆ ಹೂಡಿ, ದೊಡ್ಡ ಹಂಡೆಗಳಲ್ಲಿ ಕಾಳು ಬೇಯಿಸಿ, ಪಾತ್ರೆ ಹಿಡಿದು ಬಂದವರಿಗೆಲ್ಲ ಬಡಿಸಿದರು. ಎರಡೂ ಕಡೆಯವರು ಅವರನ್ನು ಹಿಡಿದರು, ಹೊಡೆದರು. 2025ರಲ್ಲಿ ಅಮೆರಿಕದ ನೆರವು ನಿಂತಾಗ ಇಂಥ ನೂರಾರು ಅಡುಗೆಮನೆಗಳು ಮುಚ್ಚಿದವು.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಆಯುಧ ನಿರ್ಬಂಧ ಇಡೀ ಸುಡಾನಿಗೆ ವಿಸ್ತರಿಸಲಿ ಎಂದು ಭಾರತ ವಿಶ್ವಸಂಸ್ಥೆಯಲ್ಲಿ ಬಹಿರಂಗವಾಗಿ ಕೇಳಬೇಕು. ಆಮದಾಗುವ ಚಿನ್ನ ಯಾವ ಗಣಿಯದೆಂದು ತಿಳಿಸುವುದನ್ನು ಕಡ್ಡಾಯ ಮಾಡಬೇಕು. ಕೇರಿಯ ಅಡುಗೆಮನೆಗಳಿಗೆ ನೆರವು ನೇರವಾಗಿ ತಲುಪಬೇಕು. ಮದುವೆಗೆ ಒಡವೆ ಕೊಳ್ಳಲು ಹೋದಾಗ ಅಂಗಡಿಯವರನ್ನು ಕೇಳಿ, ಈ ಚಿನ್ನ ಎಲ್ಲಿಂದ ಬಂತು ಎಂದು. ಈ ಮೂರು ಬೇಡಿಕೆಗಳನ್ನು ಒಂದು ಕಾರ್ಡಿನಲ್ಲಿ ಬರೆದು ನಿಮ್ಮ ಸಂಸದರಿಗೆ ಹಾಕಿ. ಅಧಿವೇಶನದಲ್ಲಿ ಪ್ರಶ್ನೆ ಎತ್ತಿದರೋ ಇಲ್ಲವೋ ವಿಚಾರಿಸಿ. ಎತ್ತದಿದ್ದರೆ ಮತ್ತೆ ಬರೆಯಿರಿ.