ಒಂದೇ ಅಚ್ಚಿನ ಆಟಗಾರರು

ಬೇಸಿಗೆ ರಜೆ ಬಂತೆಂದರೆ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಕಡೆ ಕ್ರಿಕೆಟ್ ಶಿಬಿರಗಳ ಕಾಲ. ಬಿಳಿಯುಡುಪಿನ ಮಕ್ಕಳು ಸಾಲಾಗಿ ನಿಂತು ಒಂದೇ ಬಗೆಯಲ್ಲಿ ಮೊಣಕೈ ಎತ್ತುತ್ತಾರೆ, ಒಂದೇ ಬಗೆಯಲ್ಲಿ ಕಾಲು ಮುಂದಿಡುತ್ತಾರೆ. ಬೇಲಿಯಾಚೆ ನಿಂತ ಹೆತ್ತವರ ಮುಖದಲ್ಲಿ ಸಮಾಧಾನ. ಆ ಸಮಾಧಾನವನ್ನು ಕೊಂಚ ಕದಡಬೇಕೆಂದೇ ಈ ಬರಹ.

ಇದೇ ನಗರದ ಬೀದಿಗಳಲ್ಲಿ ರಬ್ಬರ್ ಚೆಂಡು ಹಿಡಿದು ಬಗೆಬಗೆಯ ಬೌಲಿಂಗ್ ಪ್ರಯೋಗಿಸಿದ ಹುಡುಗನೊಬ್ಬನಿದ್ದ. ಬಾಲ್ಯದಲ್ಲಿಯೇ ಪೋಲಿಯೊ ತಗುಲಿ ಅವನ ಬಲಗೈ ಸೊರಗಿತ್ತು. ಚೆಂಡನ್ನು ಹಿಡಿದೆಸೆಯಲು ಎಡಗೈ. ಬೌಲಿಂಗಿಗೆ ಮಾತ್ರ ಆ ಸೊರಗಿದ ಬಲಗೈಯೇ. ಅವರೇ ಬಿ. ಎಸ್. ಚಂದ್ರಶೇಖರ್. 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು. (ಬ್ಯಾಟಿನಿಂದ ಗಳಿಸಿದ್ದು ಒಟ್ಟು 167 ರನ್, ಅದನ್ನೂ ಜನ ಅಕ್ಕರೆಯಿಂದಲೇ ನೆನೆಯುತ್ತಾರೆ.) 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವನ್ನೂ ಮೊದಲ ಸರಣಿ ಗೆಲುವನ್ನೂ ತಂದುಕೊಡುವುದರಲ್ಲಿ ಮುಂದಾದರು. ಆ ಹುಡುಗ ಇಂದಿನ ಶಿಬಿರಕ್ಕೆ ಬಂದಿದ್ದರೆ? ಮೊದಲ ವಾರವೇ ತಿದ್ದಲು ಹೊರಡುತ್ತಿದ್ದರು. ಇಲ್ಲವೇ ಸ್ಕೋರ್ ಬರೆಯಲು ಕೂರಿಸುತ್ತಿದ್ದರು.

ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಅನಿಲ್ ಕುಂಬ್ಳೆಯವರ ಚೆಂಡು ತಿರುಗುವುದೇ ಇಲ್ಲವೆಂದು ಬಲ್ಲವರು ಮೂಗು ಮುರಿದಿದ್ದರು. ಅದೇ ಚೆಂಡು 619 ಟೆಸ್ಟ್ ವಿಕೆಟ್ ಕಿತ್ತಿತು.

ವೃತ್ತಿಪರ ಆಟಕ್ಕೆ ಈಗ ಇಂತಹ ಒರಟು ಅಂಚುಗಳು ಬೇಡವಾಗಿವೆ. 2008ರಲ್ಲಿ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೇ ಮೊದಲ ಪಂದ್ಯ ಕಂಡ ಐಪಿಎಲ್ ಅನ್ನೇ ನೋಡಿರಿ. ಪಟಾಕಿ, ಅಬ್ಬರದ ಸಂಗೀತ, ಹಣ ಕೊಟ್ಟು ಕುಣಿಸುವ ನೃತ್ಯ ಎಲ್ಲಕ್ಕೂ ಅಲ್ಲಿ ಸ್ಥಳವುಂಟು. 2025ರಲ್ಲಿ ಲಖನೌ ತಂಡದ ದಿಗ್ವೇಶ್ ರಾಠಿ ವಿಕೆಟ್ ಪಡೆದಾಗಲೆಲ್ಲ ಪುಸ್ತಕದಲ್ಲಿ ಲೆಕ್ಕ ಬರೆದಂತೆ ಅಭಿನಯಿಸಿದ್ದಕ್ಕೆ ಮತ್ತೆ ಮತ್ತೆ ದಂಡ ತೆತ್ತರು. ಎದುರಾಳಿಯನ್ನು ಕೆಣಕುವುದನ್ನು ನಾನು ಸಮರ್ಥಿಸಲಾರೆ. ಆದರೆ ಸಂಭ್ರಮವನ್ನು ಮಾರುವವರೇ ಆಟಗಾರನ ಸಂಭ್ರಮವನ್ನು ಅಳೆಯಲು ಕುಳಿತರೆ ನಗು ಬಾರದಿದ್ದೀತೇ?

ಇದು ಕ್ರಿಕೆಟ್ಟೊಂದರ ರೋಗವಲ್ಲ. ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಸಂಸ್ಥೆ 2005ರಲ್ಲಿ ಆಟಗಾರರು ಅಂಕಣದ ಹೊರಗೆ ಏನು ಧರಿಸಬೇಕೆಂದೂ ವಿಧಿಸಿತು. ಅದು ಮುಂದೆ ಸಡಿಲವಾಯಿತೆನ್ನಿ. ಆದರೆ ಆಟದೊಳಗೆ ಹೊಕ್ಕ ಲೆಕ್ಕಾಚಾರ ಸಡಿಲವಾಗಲಿಲ್ಲ. ಮೂರು ಅಂಕದ ದೂರದ ಎಸೆತ ಅಲ್ಲಿ ಜಾರಿಗೆ ಬಂದ 1979-80ರಲ್ಲಿ ತಂಡವೊಂದು ಪಂದ್ಯಕ್ಕೆ ಸರಾಸರಿ ಮೂರು ಬಾರಿಯೂ ಅದನ್ನು ಪ್ರಯತ್ನಿಸುತ್ತಿರಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಆ ಸಂಖ್ಯೆ ಮೂವತ್ತೈದರ ಆಸುಪಾಸಿನಲ್ಲಿದೆ. ನಡುದೂರದಿಂದ ತನ್ನದೇ ಠೀವಿಯಲ್ಲಿ ಚೆಂಡು ಹಾಕುತ್ತಿದ್ದವನನ್ನು ಗಣಕಯಂತ್ರ ಅಂಚಿಗೆ ತಳ್ಳಿದೆ.

ತರಬೇತಿಯೇ ಬೇಡವೇ ಎಂದು ಕೇಳುವಿರಿ. ಬೇಕು. ಬೆನ್ನು ಮುರಿಯದಂತೆ ಚೆಂಡೆಸೆಯುವುದನ್ನು ಕಲಿಸಲೇಬೇಕು. ಆದರೆ ಜಸ್‌ಪ್ರೀತ್ ಬುಮ್ರಾ ಅವರ ವಿಚಿತ್ರ ಬೌಲಿಂಗ್ ಶೈಲಿಯನ್ನು ಯಾರೋ ತಿದ್ದದೆ ಬಿಟ್ಟದ್ದರಿಂದಲೇ ಅಲ್ಲವೇ ಜಗತ್ತಿನ ಬ್ಯಾಟುಗಾರರು ಇಂದು ಅವರಿಗೆ ಅಂಜುವುದು? ತಪ್ಪಿಗೂ ತನ್ನತನಕ್ಕೂ ಇರುವ ಅಂತರವನ್ನು ಗುರುತಿಸಲು ಕಾಯುವ ಕಣ್ಣು ಬೇಕು. ಆರು ವಾರಗಳಲ್ಲಿ ಫಲ ತೋರಿಸೆಂದು ಗುರುವಿನ ಬೆನ್ನು ಹತ್ತುವವರು ನಾವೇ ಆಗಿರುವಾಗ ಆತನೂ ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕದೆ ಇನ್ನೇನು ಮಾಡಿಯಾನು?

ಬರುವ ಏಪ್ರಿಲ್‌ನಲ್ಲಿ ಶುಲ್ಕ ಕಟ್ಟುವ ಮುನ್ನ ಆತನನ್ನು ಒಂದು ಮಾತು ಕೇಳಿರಿ: ನಮ್ಮ ಮಗುವಿನ ಆಟದಲ್ಲಿ ನೀವು ತಿದ್ದದೆ ಬಿಡುವುದು ಯಾವುದನ್ನು?