ಟಿಡಿಎಸ್ 38, ಸಾಕಾ?

ಮೇ ತಿಂಗಳ ನಾಗಪುರದಲ್ಲಿ ತಣ್ಣೀರಿನ ಕ್ಯಾನ್ ತರುವ ಹುಡುಗನಿಗೆ ಸಿಗುವ ಮರ್ಯಾದೆ ಅಳಿಯನಿಗೂ ಸಿಗುವುದಿಲ್ಲ. ಮೊನ್ನೆ ಅವನು ಪೆನ್ನಿನಂಥ ಮೀಟರನ್ನು ಲೋಟದಲ್ಲಿ ಅದ್ದಿ 38 ಎಂದು ತೋರಿಸಿದ. ಪಾವಗಡದಿಂದ ಬಂದಿರುವ ಅಮ್ಮನಿಗೆ, "500ರವರೆಗೂ ನಡೆಯುತ್ತೆ, ನಮ್ಮದು ಬರೀ 38" ಎಂದು ಹೆಮ್ಮೆಯಿಂದ ಹೇಳಿದೆ.

"ಅದ್ರಲ್ಲಿ ಫ್ಲೋರೈಡ್ ಎಷ್ಟಿದೆಯಂತೆ?" ಅಂದಳು.

ಬೋರ್‌ವೆಲ್ ನೀರು ಕುಡಿದು ನಮ್ಮ ಬೀದಿಯ ಮಕ್ಕಳ ಹಲ್ಲು ಕಂದುಗಟ್ಟಿದ್ದನ್ನು ಕಂಡವಳು ಅವಳು. ನನ್ನ ಬಳಿ ಉತ್ತರವಿರಲಿಲ್ಲ. ಮೀಟರಿನ ಬಳಿಯೂ ಇರಲಿಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆಂದು ನೋಡಿ ಕರಗಿದ ಲವಣಗಳ ಒಟ್ಟು ಅಂದಾಜನ್ನು ಅದು ಹೇಳುತ್ತದೆ, ಅಷ್ಟೇ. ಯಾವ ಲವಣ ಎಂದು ಹೇಳುವುದಿಲ್ಲ. ಬಾಟಲಿ ನೀರಿನ ಮಾನದಂಡ ಐಎಸ್ 14543ರ ಪ್ರಕಾರ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ, ನೈಟ್ರೇಟ್ 45, ಆರ್ಸೆನಿಕ್ 0.01 ಮೀರಬಾರದು. ಆರ್ಸೆನಿಕ್ ಇದರ ಹತ್ತು ಪಟ್ಟು ಇದ್ದರೂ 38 ಎಂಬ ಅಂಕಿ 38 ಆಗಿಯೇ ಇರುತ್ತದೆ. ಕೀಟನಾಶಕದ ಮಿತಿಯಂತೂ ಒಂದೊಂದಕ್ಕೂ 0.0001. ಅದನ್ನು ಹಿಡಿಯಲು ಪ್ರಯೋಗಾಲಯದ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಬೇಕು. 2003ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಬಾಟಲಿ ನೀರಿನಲ್ಲಿ ಕೀಟನಾಶಕ ಇರುವುದನ್ನು ಬಯಲಿಗೆಳೆದದ್ದು ಅಂಥ ಪರೀಕ್ಷೆಯಿಂದಲೇ. ಮಿತಿಗಳು ಬಿಗಿಯಾದದ್ದು ಆಮೇಲೆ.

ತಮಾಷೆ ನೋಡಿ, ಅಮ್ಮನ ಪ್ರಶ್ನೆಗೂ ಈ ಊರಿಗೂ ಹಳೆಯ ನಂಟು. ಪಟಿಕ, ಸುಣ್ಣ ಬೆರೆಸಿ ನೀರಿನ ಫ್ಲೋರೈಡ್ ಇಳಿಸುವ 'ನಲಗೊಂಡ ವಿಧಾನ'ವನ್ನು ರೂಪಿಸಿದ್ದು ನಾಗಪುರದ ನೀರಿ ಸಂಸ್ಥೆ. ಅದರ ಮುಂದೆಯೇ ದಿನಾ ಆಫೀಸಿಗೆ ಹೋಗುವ ನಾನು ಮೀಟರ್ ನೋಡಿ ಬೀಗುತ್ತಿದ್ದೆ!

ಸೀಲ್ ಮಾಡಿದ ಬಾಟಲಿಯ ಮೇಲಾದರೆ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ಬ್ಯಾಚ್, ತಾರೀಕು ಇರುತ್ತದೆ. 2024ರ ಅಕ್ಟೋಬರಿನಲ್ಲಿ ಐಎಸ್‌ಐ ಗುರುತಿನ ಕಡ್ಡಾಯ ತೆಗೆದ ಪ್ರಾಧಿಕಾರ, ಮರುತಿಂಗಳೇ ಬಾಟಲಿ ನೀರನ್ನು ಹೆಚ್ಚು ಅಪಾಯದ ಆಹಾರಗಳ ಗುಂಪಿಗೆ ಸೇರಿಸಿತು. ನಮ್ಮ ಕ್ಯಾನಿನ ಮೇಲೆ ಇರುವುದು ಒಂದು ಮೊಬೈಲ್ ನಂಬರ್ ಮಾತ್ರ.

ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನ ವರದಿ ಇದೆಯಾ ಎಂದು ಹುಡುಗನನ್ನು ಕೇಳಿದೆ. "ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ ಸಾಬ್, ಸೇಠ್‌ಗೆ ಹೇಳ್ತೀನಿ" ಅಂದ. ಅವರು ತರದಿದ್ದರೆ ನಾನೇ ಒಂದು ಬಾಟಲಿ ತುಂಬಿಸಿಕೊಂಡು ಲ್ಯಾಬಿಗೆ ಹೋಗುವವನಿದ್ದೇನೆ. ಅಲ್ಲಿಯವರೆಗೆ ಅಮ್ಮ ಕ್ಯಾನಿನ ನೀರನ್ನು ಬಾಲ್ಕನಿಯ ತುಳಸಿಗೆ ಹಾಕುತ್ತಿದ್ದಾಳೆ.