ಒಂಬತ್ತು ಓವರುಗಳೂ ಐನೂರ ನಾಲ್ಕು ವಿಕೆಟ್ಟುಗಳೂ

ಕಳೆದ ಭಾನುವಾರ ಬಲಿಪೂಜೆ ಮುಗಿಸಿಕೊಂಡು ವಿದ್ಯಾನಗರದ ಹಾದಿಯಾಗಿ ಮರಳುತ್ತಿದ್ದಾಗ, ಖಾಲಿ ನಿವೇಶನವೊಂದರಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿದ್ದುದನ್ನು ಕಂಡು ನಾವು ಕ್ಷಣಕಾಲ ನಿಂತೆವು. ಹತ್ತು ವರ್ಷದ ಹುಡುಗನೊಬ್ಬನ ಎಸೆತಗಳನ್ನು ದಾಂಡಿಗನು ಒಂದಾದ ಮೇಲೊಂದರಂತೆ ಕಾಂಪೌಂಡಿನಾಚೆಗೆ ಅಟ್ಟುತ್ತಿದ್ದ. "ಲೇ, ನೀನು ವಿನಯ್ ಕುಮಾರ್ ಆಗಿಬಿಟ್ಟೆ ನೋಡಲೇ" ಎಂದು ಜೊತೆಗಾರನೊಬ್ಬ ಕೂಗಿದ. ಎಲ್ಲರೂ ನಕ್ಕರು.

ಆ ನಗೆಯ ಮೂಲ ಓದುಗರಿಗೆ ನೆನಪಿರಬಹುದು. 2013ರ ನವೆಂಬರ್ 2ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯದ ವಿರುದ್ಧ ನಮ್ಮ ದಾವಣಗೆರೆಯ ಆರ್. ವಿನಯ್ ಕುಮಾರ್ 9 ಓವರುಗಳಲ್ಲಿ 102 ರನ್ನು ಕೊಟ್ಟರು. ರೋಹಿತ್ ಶರ್ಮಾ 209 ರನ್ನು ಗಳಿಸಿದ ಆ ಪಂದ್ಯವನ್ನು ಭಾರತವೇ ಗೆದ್ದಿತು. ಆದರೆ ವಿನಯ್ ಮತ್ತೆಂದೂ ಭಾರತದ ಪರವಾಗಿ ಆಡಲಿಲ್ಲ. ಅಂದು ಹುಟ್ಟಿಯೇ ಇರದಿದ್ದ ಮಕ್ಕಳ ಬಾಯಲ್ಲಿ ಇಂದು ಆ ಗೇಲಿ ಇದೆಯೆಂದರೆ, ಅದನ್ನು ಕಲಿಸಿದವರು ಹಿರಿಯರಾದ ನಾವೇ ಎಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಕಲಿಸದೆ ಬಿಟ್ಟದ್ದೇನು? ಆಟೋರಿಕ್ಷಾ ಚಾಲಕರ ಮಗನಾಗಿ ಈ ಊರಿನಲ್ಲಿ 1984ರಲ್ಲಿ ಜನಿಸಿ, 2004-05ರ ಸಾಲಿನಲ್ಲಿ ಕರ್ನಾಟಕ ತಂಡವನ್ನು ಸೇರಿದ ಈ ಬೌಲರ್ ಪ್ರಥಮ ದರ್ಜೆಯ ಕ್ರಿಕೆಟ್‌ನಲ್ಲಿ 504 ವಿಕೆಟ್ ಪಡೆದರು. 'ದಾವಣಗೆರೆ ಎಕ್ಸ್‌ಪ್ರೆಸ್' ಎಂಬ ಬಿರುದಿತ್ತಾದರೂ ಅವರದು ಅಂತಹ ಭಾರಿ ವೇಗವೇನಲ್ಲ. ಚೆಂಡಿನ ಹೊಲಿಗೆಯನ್ನು ನೆಟ್ಟಗೆ ಹಿಡಿದು, ಒಂದೇ ಜಾಗಕ್ಕೆ ಎಸೆಯುತ್ತಾ, ದಾಂಡಿಗನ ತಾಳ್ಮೆ ಕೆಡುವ ತನಕ ಕಾಯುವ ಮಧ್ಯಮ ವೇಗದ ಬೌಲಿಂಗ್. ವೇಗಕ್ಕೆ ಹೆಸರಾದ ಪರ್ತ್‌ನಲ್ಲಿ 2012ರ ಜನವರಿಯಲ್ಲಿ ಆಡಿದ ಏಕೈಕ ಟೆಸ್ಟಿನಲ್ಲಿ ಅವರಿಗೆ ದಕ್ಕಿದ್ದು ಮೈಕ್ ಹಸಿಯ ವಿಕೆಟ್ ಒಂದೇ.

ಮೈಸೂರಿನಲ್ಲಿ 2010ರ ಜನವರಿಯಲ್ಲಿ ನಡೆದ ರಣಜಿ ಫೈನಲ್‌ನಲ್ಲಿ ಕರ್ನಾಟಕವು ಮುಂಬೈಗೆ ಕೇವಲ 6 ರನ್ನುಗಳಿಂದ ಸೋತಾಗ ಆ ನೋವನ್ನುಂಡವರಲ್ಲಿ ವಿನಯ್ ಕೂಡ ಒಬ್ಬರು. ಆದ್ದರಿಂದಲೇ ಮುಂದಿನದು ನಮಗೆ ದೊಡ್ಡದೆನಿಸುತ್ತದೆ. ಆ 102 ರನ್ನುಗಳ ಅವಮಾನವಾಗಿ ಮೂರು ತಿಂಗಳಾಗಿತ್ತಷ್ಟೆ. 2014ರ ಫೆಬ್ರವರಿ ಆರಂಭದಲ್ಲಿ, ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ, 1998-99ರ ನಂತರ ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ಕರ್ನಾಟಕಕ್ಕೆ ತಂದ ನಾಯಕ ಅವರೇ. ಮರುವರ್ಷ ಮುಂಬೈಯ ವಾಂಖೆಡೆಯಲ್ಲಿ ತಮಿಳುನಾಡಿನ ಎದುರು ಫೈನಲ್. ವಿನಯ್ 34 ರನ್ನಿಗೆ 5 ವಿಕೆಟ್ ಕಿತ್ತರು. ಎದುರಾಳಿ 134ಕ್ಕೆ ಕುಸಿಯಿತು. ಕರುಣ್ ನಾಯರ್ 328 ಹೊಡೆದ ಆ ಇನ್ನಿಂಗ್ಸಿನಲ್ಲಿ ನಾಯಕನೂ ಔಟಾಗದೆ 105 ಗಳಿಸಿದರು. ಆ ಎರಡೂ ಸಾಲುಗಳಲ್ಲಿ ಇರಾನಿ ಕಪ್, ವಿಜಯ್ ಹಜಾರೆ ಟ್ರೋಫಿಗಳೂ ಕರ್ನಾಟಕದ ಪಾಲಾದವು. 2017ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಮುಂಬೈ ವಿರುದ್ಧ ಹ್ಯಾಟ್ರಿಕ್ ಸಾಧಿಸಿದಾಗ ಅವರಿಗೆ ಮೂವತ್ತಮೂರು ತುಂಬಿತ್ತು.

ಬಹುಶಃ ರಣಜಿ ಪಂದ್ಯಗಳನ್ನು ನೋಡುವವರೇ ಇಲ್ಲವೆಂಬುದು ಇದಕ್ಕೆಲ್ಲ ಕಾರಣವಿರಬಹುದು. ಖಾಲಿ ಮೆಟ್ಟಿಲುಗಳ ಮುಂದೆ ದಿನವಿಡೀ ಬೆವರಿದ್ದು ಯಾರ ಮನೆಯ ಟಿ.ವಿ.ಯಲ್ಲಿ ಬಂದೀತು? ಹಬ್ಬದ ಸಂಜೆಯ ಆ ಒಂಬತ್ತು ಓವರುಗಳನ್ನಾದರೋ ಊರೆಲ್ಲ ಕುಳಿತು ನೋಡಿತ್ತು. ನಾವೂ ನೋಡಿದ್ದೆವು, ನಕ್ಕಿದ್ದೆವೆಂದು ಹೇಳಲು ಈಗ ನಾಚಿಕೆಯಾಗುತ್ತದೆ. 2021ರ ಫೆಬ್ರವರಿಯಲ್ಲಿ ನಿವೃತ್ತರಾದಾಗ ಅವರು ತಮ್ಮ ಬಿರುದನ್ನೇ ಹಿಡಿದು, ಈ ರೈಲು ಕೊನೆಯ ನಿಲ್ದಾಣ ತಲುಪಿತೆಂಬ ಅರ್ಥದಲ್ಲಿ ವಿದಾಯಪತ್ರ ಬರೆದಿದ್ದರು. ಅದರಲ್ಲಿ ಕಹಿ ಇರಲಿಲ್ಲ.

ಪೆಟ್ಟು ತಿಂದ ಹುಡುಗನನ್ನು ಹತ್ತಿರ ಕರೆದು 504ರ ಲೆಕ್ಕವನ್ನು ಹೇಳಿದೆವು. "ಹೌದೇನ್ರಿ? ಮನೇಲಿ ನಮ್ಮಪ್ಪನ್ನ ಕೇಳ್ತೀನಿ" ಎಂದವನೇ ಕಾಂಪೌಂಡಿನಾಚೆ ಬಿದ್ದಿದ್ದ ಚೆಂಡನ್ನು ತರಲು ಓಡಿದ.